ಪ್ರೊ ಫುಟ್‌ಬಾಲ್ ರೆಫರೆನ್ಸ್: ಬ್ಯಾರಿ ಸ್ಯಾಂಡರ್ಸ್ ಪುಟ ತೆರೆದು ನೋಡಿದರೆ

ನಿವೃತ್ತ ಅಮೆರಿಕನ್ ಫುಟ್‌ಬಾಲ್ ಆಟಗಾರನ ಕೆರಿಯರ್ ಅಳೆಯಲು ಪ್ರೊ ಫುಟ್‌ಬಾಲ್ ರೆಫರೆನ್ಸ್‌ಗಿಂತ ಒಳ್ಳೆಯ ಜಾಲತಾಣ ಇಲ್ಲ. ಆಟಗಾರರ ಪುಟ ನೋಡಲು ದುಡ್ಡು ಕೊಡಬೇಕಿಲ್ಲ. ಆದರೆ ಒಟ್ಟು ಮೊತ್ತವನ್ನಷ್ಟೇ ನೋಡಿ ಪುಟ ಮುಚ್ಚುವವರಿಗೆ ಅದರ ಅರ್ಧ ಬೆಲೆಯೂ ದಕ್ಕುವುದಿಲ್ಲ.

ಡೆಟ್ರಾಯಿಟ್ ಲಯನ್ಸ್ ತಂಡದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡಿ ಗಜಗಳ ಲೆಕ್ಕದಲ್ಲಿ ಮುನ್ನಡೆ ಗಳಿಸುವ ಆಟಗಾರ, ಬ್ಯಾರಿ ಸ್ಯಾಂಡರ್ಸ್ ಪುಟವನ್ನೇ ತೆಗೆದುಕೊಳ್ಳಿ. 1989ರಿಂದ 1998ರವರೆಗೆ 10 ಸೀಸನ್, 153 ಪಂದ್ಯ, 3,062 ಓಟ, 15,269 ಗಜ. 1992ರಲ್ಲಿ 1,352 ಗಜ, 1993ರಲ್ಲಿ 1,115. ಆಟ ಇಳಿಮುಖವಾಯಿತು ಅನ್ನಿಸುತ್ತದೆ. ಪಕ್ಕದಲ್ಲೇ ಪಂದ್ಯಗಳ ಕಾಲಂ ಇದೆ, ಅಲ್ಲಿಗೆ ಕಣ್ಣು ಹಾಯಿಸಿ: ಗಾಯದಿಂದಾಗಿ 1993ರಲ್ಲಿ ಆಡಿದ್ದು ಬರೀ 11 ಪಂದ್ಯ. ಪಂದ್ಯಕ್ಕೆ 84.5 ಗಜ ಇದ್ದದ್ದು 101.4ಕ್ಕೆ ಏರಿದೆ. ಬೇರೆ ಕಾಲದವರೊಂದಿಗೆ ಹೋಲಿಸುವಾಗಲೂ ಇದೇ ಕಾಲಂ ಕೈಹಿಡಿಯುವುದು. 1961ರಿಂದ 1977ರವರೆಗೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಸೀಸನ್‌ಗೆ 14 ಪಂದ್ಯ, ಆಮೇಲೆ 16, 2021ರಿಂದ 17.

ಈ ತಾಣದ ನಿಜವಾದ ಸಂಪತ್ತು ಗೇಮ್ ಲಾಗ್, ಅಂದರೆ ಪ್ರತಿ ಪಂದ್ಯದ ಅಂಕಿಗಳ ಪಟ್ಟಿ. ಹೆಸರಿನ ಕೆಳಗಿನ ಮೆನುವಿನಲ್ಲಿ ಗೇಮ್ ಲಾಗ್ಸ್ ಒತ್ತಿ 1997 ಆರಿಸಿ. ವರ್ಷದ ಮೊತ್ತ 2,053 ಗಜ. ಮೊದಲೆರಡು ಪಂದ್ಯಗಳಲ್ಲಿ ಬಂದದ್ದು 33 ಮತ್ತು 20, ಅಷ್ಟೇ. ಅಂದರೆ ಉಳಿದ 14 ಪಂದ್ಯಗಳಲ್ಲಿ ಸರಿಯಾಗಿ 2,000 ಗಜ, ಒಂದೊಂದರಲ್ಲೂ ನೂರಕ್ಕಿಂತ ಹೆಚ್ಚು! ಸೀಸನ್ ಸಾಲಿನಲ್ಲಿ ಈ ಬೆರಗು ಎಲ್ಲೂ ಕಾಣುವುದಿಲ್ಲ. ಲೆಕ್ಕ ಹಾಕಬೇಕೆಂದರೆ ಟೇಬಲ್ ಮೇಲಿನ ಶೇರ್ ಅಂಡ್ ಎಕ್ಸ್‌ಪೋರ್ಟ್‌ನಿಂದ ಸಿಎಸ್‌ವಿ ರೂಪದಲ್ಲಿ ಅಂಕಿಗಳನ್ನು ತೆಗೆದು ಸ್ಪ್ರೆಡ್‌ಶೀಟ್‌ಗೆ ಹಾಕಿಕೊಳ್ಳಿ. ಮೊಬೈಲ್‌ನಲ್ಲಿ ಟೇಬಲ್ ಅಡ್ಡಡ್ಡ ಸರಿಸಿ ಸಾಕಾಗುತ್ತದೆ, ಲ್ಯಾಪ್‌ಟಾಪ್ ವಾಸಿ.

ಪ್ಲೇಆಫ್, ಅಂದರೆ ಸೀಸನ್ ನಂತರದ ನಾಕೌಟ್ ಪಂದ್ಯಗಳ ಅಂಕಿಗಳು ಬೇರೆ ಟೇಬಲ್‌ನಲ್ಲಿವೆ, ಕೆರಿಯರ್ ಮೊತ್ತಕ್ಕೆ ಸೇರುವುದಿಲ್ಲ. ಆ ಟೇಬಲ್ ನೋಡದೆ ಹೋದರೆ, ಗ್ರೀನ್ ಬೇಯಲ್ಲಿ 13 ಓಟಕ್ಕೆ ಮೈನಸ್ 1 ಗಜ ಬಂದ 1994ರ ಡಿಸೆಂಬರ್ 31ರ ಪಂದ್ಯ ಕಣ್ತಪ್ಪುತ್ತದೆ. ಇಂಥವನನ್ನೂ ಕಟ್ಟಿಹಾಕಿದ ದಿನ ಅದು.

ಡಿಫೆನ್ಸ್ ಆಟಗಾರರ ಪುಟದಲ್ಲಿ ಇನ್ನೊಂದು ಎಚ್ಚರ ಬೇಕು. ಸ್ಯಾಕ್, ಅಂದರೆ ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು, ಅಧಿಕೃತ ಅಂಕಿಯಾದದ್ದು 1982ರಲ್ಲಿ. ಅದಕ್ಕೂ ಹಿಂದಿನವು ಸಂಶೋಧಕರು ಹಳೆಯ ದಾಖಲೆ ಕೆದಕಿ ಎಣಿಸಿದವು, ಅನಧಿಕೃತ. ಎರಡನ್ನೂ ಒಂದೇ ದಾಖಲೆ ಎಂಬಂತೆ ಕೂಡಿಸಬೇಡಿ.

ನಿರಾಸೆ ಆಗುವುದು ಅಫೆನ್ಸಿವ್ ಲೈನ್‌ನವರ, ಅಂದರೆ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವರ ಪುಟಗಳಲ್ಲಿ. ಸ್ಯಾಂಡರ್ಸ್‌ಗೆ ದಾರಿ ಬಿಡಿಸಿಕೊಟ್ಟ ಲೋಮಸ್ ಬ್ರೌನ್ 7 ಸಲ ಲೀಗ್‌ನ ತಾರೆಯರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾದ ಟ್ಯಾಕಲ್ (ಆ ಲೈನ್‌ನ ಒಂದು ಸ್ಥಾನ). ಆದರೂ ಅವರ ಸಾಲುಗಳಲ್ಲಿ ಆಡಿದ ಪಂದ್ಯ, ಶುರುವಿನಿಂದ ಆಡಿದ ಪಂದ್ಯ, ಎವಿ ಎಂಬ ಅಂದಾಜು ಮೌಲ್ಯ ಬಿಟ್ಟರೆ ಹೆಚ್ಚೇನೂ ಇಲ್ಲ. ಆ ಎವಿ ಕೂಡ ತಂಡದ ಒಟ್ಟು ಸಾಧನೆಯಿಂದ ಹಂಚಿ ಬಂದದ್ದು. ಸೋಲುವ ತಂಡದ ಒಳ್ಳೆಯ ಟ್ಯಾಕಲ್‌ಗೆ ಅದರಲ್ಲಿ ನ್ಯಾಯ ಸಿಗುವುದಿಲ್ಲ. ಅವರನ್ನು ಅಳೆಯಬೇಕಾದರೆ ಈ ತಾಣ ಪಕ್ಕಕ್ಕಿಟ್ಟು ಪಂದ್ಯದ ವಿಡಿಯೋ ನೋಡಬೇಕು.