ಬೆಂಗಳೂರಿನ ಷೆಲ್ಟರ್‌ಗಳಿಂದ ನಾಯಿ ದತ್ತು: ಮೆಚ್ಚಬೇಕಾದ್ದು, ನೋಡಿಕೊಳ್ಳಬೇಕಾದ್ದು

ನಾಯಿ ಸಾಕಬೇಕು ಎಂದಿದ್ದರೆ ಷೆಲ್ಟರ್‌ನಿಂದಲೇ ತನ್ನಿ, ಅದರಲ್ಲೂ ಎರಡು ವರ್ಷ ದಾಟಿದ ನಾಟಿ ನಾಯಿಯನ್ನು ತನ್ನಿ. ಹೋದವರೆಲ್ಲ ಮರಿಯನ್ನೇ ಕೇಳುತ್ತಾರೆ. ಆದರೆ ಬೆಳೆದ ನಾಯಿ ಮಕ್ಕಳ ಹತ್ತಿರ ಹೇಗಿರುತ್ತದೆ, ಬೆಕ್ಕು ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆಯೇ, ಪಟಾಕಿ ಸದ್ದಿಗೆ ಮೂಲೆ ಸೇರುತ್ತದೆಯೇ ಎಂಬುದೆಲ್ಲ ದಿನಾ ಊಟ ಹಾಕುವವರಿಗೆ ಆಗಲೇ ಗೊತ್ತಿರುತ್ತದೆ. ಮರಿಯ ವಿಷಯದಲ್ಲಿ ಇದನ್ನು ಯಾರೂ ಹೇಳಲಾರರು.

ನಗರದಲ್ಲಿ ಈ ಕೆಲಸಕ್ಕೆ ಹಳೆಯ ಹೆಸರು ಕ್ಯೂಪಾ ಎಂಬ ಪ್ರಾಣಿ ರಕ್ಷಣಾ ಸಂಸ್ಥೆಯದು, 1991ರಲ್ಲಿ ಶುರುವಾದದ್ದು. ಮಾಲೀಕರು ಕೈಬಿಟ್ಟ ಸಾಕುನಾಯಿಗಳಿಗೆ ಮನೆ ಹುಡುಕಲೆಂದೇ ಅದು ‘ಸೆಕೆಂಡ್ ಚಾನ್ಸ್’ ಕೇಂದ್ರ ಆರಂಭಿಸಿತು. ಒಳ್ಳೆಯ ಷೆಲ್ಟರ್ ಎಲ್ಲೇ ಇರಲಿ, ದಾರಿ ಹೆಚ್ಚುಕಮ್ಮಿ ಒಂದೇ: ಅರ್ಜಿ, ಮಾತುಕತೆ, ಮನೆ ನೋಡಲು ಬರುವುದು, ಕೊನೆಗೆ ಕರಾರು ಪತ್ರಕ್ಕೆ ಸಹಿ. ಬಾಲ್ಕನಿಗೆ ಜಾಲರಿ ಇದೆಯೇ, ಓನರ್ ಒಪ್ಪಿದ್ದಾರೆಯೇ, ಹಬ್ಬಕ್ಕೆ ಊರಿಗೆ ಹೋದರೆ ನಾಯಿ ಎಲ್ಲಿರುತ್ತದೆ ಎಂದೆಲ್ಲ ಕೇಳುತ್ತಾರೆ. ಕೆಲವರಿಗೆ ಇದು ಅತಿ ಎನಿಸುತ್ತದೆ. ನಮಗಂತೂ ಏನೂ ಕೇಳದೆ ಹತ್ತೇ ನಿಮಿಷದಲ್ಲಿ ನಾಯಿ ಕೊಟ್ಟು ಕಳಿಸುವ ಜಾಗದ ಮೇಲೇ ಅನುಮಾನ. ಅಪಾರ್ಟ್‌ಮೆಂಟಿನ ಸಂಘ ತಕರಾರು ಮಾಡಿದರೆ, ಸಾಕುನಾಯಿ ಇಡಲೇಬಾರದೆಂದು ಸಂಘಗಳು ನಿಷೇಧ ಹೇರುವಂತಿಲ್ಲ ಎನ್ನುವ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ತೋರಿಸಿ.

ನಮ್ಮ ದೊಡ್ಡ ಆಕ್ಷೇಪ ಭಾನುವಾರದ ದತ್ತು ಶಿಬಿರಗಳ ಬಗ್ಗೆ. ಬೇರೆ ಬೇರೆ ಕಡೆಯಿಂದ ತಂದ ಮರಿಗಳನ್ನು ಒಂದೇ ಕಟಕಟೆಯೊಳಗೆ ಬಿಡುತ್ತಾರೆ. ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೊ ಎಂಬ ವೈರಸ್ ರೋಗ ಒಂದಕ್ಕೆ ಇದ್ದರೆ ಸಾಕು, ಉಳಿದವಕ್ಕೂ ಅಂಟುತ್ತದೆ. ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಹಾಗಾಗಿ ಶಿಬಿರದಲ್ಲಿ ಕುಣಿಯುತ್ತಿದ್ದ ಮರಿ ಗುರುವಾರದ ಹೊತ್ತಿಗೆ ವಾಂತಿ, ರಕ್ತಭೇದಿಯಿಂದ ಮಲಗಿಬಿಡುತ್ತದೆ. ಲಸಿಕೆ ಪುಸ್ತಕದಲ್ಲಿ ಬ್ಯಾಚ್ ನಂಬರಿನ ಸ್ಟಿಕರ್, ವೈದ್ಯರ ಸಹಿ ಎರಡೂ ಇರಬೇಕು. ‘ಹಾಕಿಸಿದ್ದೇವೆ’ ಎಂಬ ಬಾಯಿಮಾತು ಸಾಲದು. ಡಿಎಚ್‌ಪಿಪಿಐ ಎಂಬ, ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳನ್ನು ತಡೆಯುವ ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, 3-4 ವಾರಕ್ಕೊಮ್ಮೆಯಂತೆ 16 ವಾರ ತುಂಬುವವರೆಗೆ ನಡೆಯಬೇಕು. ಒಂದೇ ಡೋಸ್ ಆದ ಮರಿಗೆ ಪೂರ್ತಿ ರಕ್ಷಣೆ ಇಲ್ಲ, ಏಕೆಂದರೆ ತಾಯಿಯಿಂದ ಬಂದ ರೋಗನಿರೋಧಕ ಅಂಶಗಳೇ ಲಸಿಕೆಯ ಕೆಲಸಕ್ಕೆ ಅಡ್ಡಬರುತ್ತವೆ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ. ನೆಲವನ್ನು ಮೊದಲು ಚೆನ್ನಾಗಿ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಸುರಿದು, 10 ನಿಮಿಷ ಒದ್ದೆಯಾಗಿಯೇ ಬಿಡಬೇಕು.

ಬೆಳೆದ ನಾಯಿಗಳಲ್ಲಿ ಕಾಡುವುದು ಉಣ್ಣಿ ಕಡಿತದಿಂದ ಬರುವ, ರಕ್ತಹೀನತೆ ತರಬಲ್ಲ ಉಣ್ಣಿ ಜ್ವರ. ನಾಯಿಯ ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಸಡೇ ಬಿಳಿಚಿಕೊಂಡಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಷ್ಟಿದೆ ನೋಡಿಸದೆ ಮನೆಗೆ ಒಯ್ಯಬೇಡಿ. ಕಿವಿಯೊಳಗಿನ ಮಡಿಕೆ, ಕಾಲ್ಬೆರಳುಗಳ ಸಂದು, ಬಾಲದ ಬುಡ, ಈ ಮೂರು ಕಡೆ ಉಣ್ಣಿ ಹುಡುಕಿ. ಕಿವಿಯ ಅಂಚಿನಲ್ಲಿ ಸಣ್ಣದಾಗಿ ಕತ್ತರಿಸಿದ ಕಚ್ಚು ಕಂಡರೆ ಗಾಬರಿ ಬೇಡ, ಅದು ಸಂತಾನಹರಣದ ಆಪರೇಷನ್ ಆಗಿರುವ ಗುರುತು.

ಅತಿ ಹೆಚ್ಚು ಎಡವಟ್ಟಾಗುವುದು ಮೊದಲ ವಾರ, ಗೇಟಿನ ಹತ್ತಿರ. ಹೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಸರಿಯುತ್ತದೆ. ಆಗ ಸಡಿಲ ಬೆಲ್ಟು ಕಿವಿ ದಾಟಿ ಕಳಚಿ, ನಾಯಿ ಓಟ ಕೀಳುತ್ತದೆ. ಬೆಲ್ಟಿನೊಳಗೆ ಎರಡು ಬೆರಳಷ್ಟೇ ತೂರಬೇಕು. ಜೊತೆಗೆ ಎದೆಯನ್ನು ಸುತ್ತುವ ಪಟ್ಟಿ, ಅಂದರೆ ಹಾರ್ನೆಸ್ ಹಾಕಿ, ಎರಡಕ್ಕೂ ಒಂದೊಂದು ಹಗ್ಗ ಕಟ್ಟಿ. ಕಾರಿನ ಬಾಗಿಲು ತೆಗೆಯುವ ಮೊದಲೇ ಹಗ್ಗ ಕೈಗೆ ಸುತ್ತಿರಲಿ.

ಷೆಲ್ಟರ್‌ನಲ್ಲಿ ತಿನ್ನುತ್ತಿದ್ದ ಊಟವನ್ನೇ ಮೊದಲ ಮೂರು ದಿನ ಕೊಡಿ. ಆಮೇಲೆ ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಿ, ಇಲ್ಲದಿದ್ದರೆ ಭೇದಿ ಖಚಿತ. ಮನೆಯ ಸಾರು-ಅನ್ನ ಬೇಡ, ಈರುಳ್ಳಿ ನಾಯಿಗೆ ವಿಷ. ಮೊದಲ ದಿನ ಊಟ ಮುಟ್ಟದೆ ಸೋಫಾ ಹಿಂದೆ ಕೂತರೆ ಎಳೆಯಬೇಡಿ, ನೀರಿಟ್ಟು ಸುಮ್ಮನಿರಿ.

ಸಹಿ ಹಾಕುವ ಮುನ್ನ ಕರಾರಿನಲ್ಲಿ ಒಂದು ಸಾಲು ಹುಡುಕಿ: ಹೊಂದಿಕೆಯಾಗದಿದ್ದರೆ ನಾಯಿಯನ್ನು ಷೆಲ್ಟರ್‌ನವರೇ ವಾಪಸ್ ತೆಗೆದುಕೊಳ್ಳುತ್ತಾರೆ ಎಂಬುದು. ಅದಿಲ್ಲದಿದ್ದರೆ ಅಲ್ಲಿಯೇ ಕೇಳಿ ಬರೆಸಿಕೊಳ್ಳಿ.