ಮೂರು ಮಳೆಗಾಲ ಕಂಡ ಜಂಪ್ ಸ್ಟಾರ್ಟರ್: ಕಾರು ಎದ್ದಿತು, ಕಾಯಿಲೆ ಉಳಿಯಿತು

ಬ್ಯಾಟರಿ ಕೈಕೊಟ್ಟಾಗ ಕಾರು ಸ್ಟಾರ್ಟ್ ಮಾಡಲು ಹೊರಗಿಂದ ಕರೆಂಟು ಕೊಡುವ ಜಂಪ್ ಸ್ಟಾರ್ಟರ್ ಇದು, 2022ರ ಜೂನ್‌ನಲ್ಲಿ ಆನ್‌ಲೈನ್‌ನಲ್ಲಿ ತರಿಸಿದ್ದು. ಆಗ 4,500 ರೂಪಾಯಿ ಬಿತ್ತು. ಅರ್ಧ ಇಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿ, ಕೆಂಪು-ಕಪ್ಪು ಕ್ಲಿಪ್ಪಿನ ಎರಡು ಗಿಡ್ಡ ವೈರು, ಒಂದು ಟಾರ್ಚು, ಮೊಬೈಲ್ ಚಾರ್ಜಿಗೆ ಒಂದು ಕಿಂಡಿ. ಕಂಪನಿ ಹೆಸರು ಬರೆಯುವುದಿಲ್ಲ. ನಾನು ಹೇಳುವುದು ಈ ಜಾತಿಯ ಡಬ್ಬಿಗಳಿಗೆಲ್ಲ ಸುಮಾರಾಗಿ ಹೊಂದುವ ಮಾತು.

ಪಾರ್ಸೆಲ್ ಬಿಚ್ಚಿದ ದಿನ ಅಪ್ಪ ನಕ್ಕಿದ್ದರು. "ಇಳಿಜಾರು ಇರೋ ಊರಲ್ಲಿ ಇದೆಲ್ಲ ಯಾಕೆ ಮಾರಾಯ?" ಅಂದರು. ತೀರ್ಥಹಳ್ಳಿ ಕಡೆಯವರಿಗೆ ಇದು ಅರ್ಥವಾಗುತ್ತದೆ. ನಮ್ಮಲ್ಲಿ ಹಳೇ ಕಾರು ನಿಲ್ಲಿಸುವುದೇ ಮುಖ ಇಳಿಜಾರಿಗೆ ಮಾಡಿ. ಸೆಲ್ಫ್ ತಗೊಳ್ಳದಿದ್ದರೆ ಹ್ಯಾಂಡ್‌ಬ್ರೇಕ್ ಬಿಡುವುದು, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಡುವುದು, ಆಯಿತು. ಆದರೆ ನೆಂಟರ ಮನೆ ಅಂಗಳ ಯಾವಾಗಲೂ ನಮ್ಮ ಅನುಕೂಲಕ್ಕೆ ವಾಲಿರುವುದಿಲ್ಲ, ಅಲ್ವಾ?

ಮೊದಲ ಸಲ ಬೇಕಾಗಿದ್ದೂ ಅಂಥ ಕಡೆಯೇ. ಆ ಜುಲೈನಲ್ಲಿ ಮೇಗರವಳ್ಳಿ ಹತ್ತಿರ ಚಿಕ್ಕಮ್ಮನ ಮನೆಗೆ ಹೋಗಿದ್ದೆವು. ಆಗುಂಬೆ ಮಳೆ ಅಲ್ಲಿಗೂ ಧಾರಾಳ. ಕೊಡೆ ಹುಡುಕುವ ಗಡಿಬಿಡಿಯಲ್ಲಿ ಪಾರ್ಕಿಂಗ್ ಲೈಟ್ ಆರಿಸದೆ ಒಳಗೆ ಓಡಿದ್ದೆ. ಆ ನಾಲ್ಕೈದು ಸಣ್ಣ ಬಲ್ಬು ಸೇರಿ ಸುಮಾರು ಎರಡು ಆಂಪಿಯರ್ ಕುಡಿಯುತ್ತವೆ. ಹನ್ನೆರಡು ಗಂಟೆ ಉರಿದರೆ 24 ಆಂಪಿಯರ್ ಅವರ್ ಹೋಯಿತು. ನನ್ನದು 35ರ ಬ್ಯಾಟರಿ. ಬೆಳಿಗ್ಗೆ ಕೀ ತಿರುಗಿಸಿದರೆ ಟಕಟಕಟಕ ಅನ್ನುವ ಸದ್ದು, ಡ್ಯಾಶ್‌ಬೋರ್ಡ್ ಲೈಟೆಲ್ಲ ಕಣ್ಣು ಮುಚ್ಚುವ ಹಾಗೆ ಮಂಕು. ಡಬ್ಬಿ ಹಾಕಿದೆ, ಒಂದೇ ಸಲಕ್ಕೆ ಸ್ಟಾರ್ಟ್. ಚಿಕ್ಕಪ್ಪ ಕಂಬಳಿಕೊಪ್ಪೆ ಒಳಗಿಂದಲೇ ಬಗ್ಗಿ ನೋಡಿ, "ಇಷ್ಟು ಸಣ್ಣದಾ?" ಅಂದರು. ಅವತ್ತೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಟ್ಟುಬಿಡುತ್ತಿದ್ದೆ.

ಬರೆಯದಿದ್ದದ್ದು ಒಳ್ಳೆಯದಾಯಿತು. ಅಸಲಿ ಕಥೆ 2023ರ ಮಳೆಗಾಲದ್ದು.

ಆಗಸ್ಟ್‌ನಲ್ಲಿ ಕಾರು ದಿನ ಬಿಟ್ಟು ದಿನ ಹಠ ಹಿಡಿಯಲು ಶುರು ಮಾಡಿತು. ಕೀ ತಿರುಗಿಸಿದರೆ ಒಂದೇ ಒಂದು "ಟಕ್". ಅಷ್ಟೇ. ಡಬ್ಬಿ ಹಾಕಿದರೆ ತಕ್ಷಣ ಏಳುತ್ತಿತ್ತು. ಡಬ್ಬಿ ಹಾಕಿದರೆ ಏಳುತ್ತದೆ ಅಂದಮೇಲೆ ಬ್ಯಾಟರಿಯೇ ಹೋಗಿದೆ ಅಂತ ನಾನೂ ಅಂದುಕೊಂಡೆ, ಶಿವಮೊಗ್ಗದ ಒಂದು ಅಂಗಡಿಯವರೂ ಅದನ್ನೇ ಅಂದರು. ಅಲ್ಲಿ ಯಾರೂ ಮೀಟರ್ ಹಚ್ಚಿ ನೋಡಲಿಲ್ಲ. ಹೊಸ ಬ್ಯಾಟರಿ ಕೂರಿಸಿಕೊಂಡು, ದುಡ್ಡು ಕೊಟ್ಟು, ಮಂಡಗದ್ದೆ ದಾರಿಯಲ್ಲಿ ಖುಷಿಯಾಗಿ ವಾಪಸ್ ಬಂದೆ. ಮೂರೇ ವಾರ. ಮತ್ತೆ ಅದೇ "ಟಕ್".

ಒಂದು ಗುರುತನ್ನು ನಾನು ನೋಡಿಯೂ ಬಿಟ್ಟಿದ್ದೆ. ಈ ಸಲ ಹೆಡ್‌ಲೈಟು ಮಂಕಾಗುತ್ತಿರಲಿಲ್ಲ. ಮೇಗರವಳ್ಳಿಯಲ್ಲಿ ಕೇಳಿದ ಟಕಟಕ, ಮಂಕು ಲೈಟು ಬ್ಯಾಟರಿ ಖಾಲಿಯಾದ ಲಕ್ಷಣ. ಲೈಟು ಝಗ್ ಅಂತ ಉರಿಯುತ್ತಿದ್ದು ಸೆಲ್ಫ್ ಮಾತ್ರ ಒಂದು ಸಲ ಟಕ್ ಅಂದರೆ, ಸೆಲ್ಫ್ ಮೋಟರನ್ನೋ ಅದಕ್ಕೆ ಹೋಗುವ ದಪ್ಪ ವೈರುಗಳನ್ನೋ ಅನುಮಾನಿಸಬೇಕು.

ಇದನ್ನು ಹೇಳಿಕೊಟ್ಟಿದ್ದು ಭಾವ. ಅವರದು ಅಡಿಕೆ ತೋಟಗಳ ಪಂಪ್‌ಸೆಟ್ ರಿಪೇರಿ ಕೆಲಸ. ಜೇಬಲ್ಲಿ ಕವಳದ ಸಂಚಿ ಹೇಗೋ ಹಾಗೆ ಚೀಲದಲ್ಲಿ ಮಲ್ಟಿಮೀಟರ್. ಮೊದಲು ಬ್ಯಾಟರಿ ನೋಡಿದರು: 12.6 ವೋಲ್ಟ್. "ಭಾವ, ಬ್ಯಾಟರಿ ಕಲ್ಲಿನ ಹಾಗಿದೆ. ಸುಮ್ನೆ ಬೈಬೇಡಿ ಅದಕ್ಕೆ" ಅಂದರು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗೂಟದ ಮೇಲೆ ಇಟ್ಟರು, ಇನ್ನೊಂದನ್ನು ಇಂಜಿನ್ನಿನ ಬಣ್ಣವಿಲ್ಲದ ಜಾಗಕ್ಕೆ ಒತ್ತಿ ಹಿಡಿದರು. "ಈಗ ಸೆಲ್ಫ್ ಹೊಡೀರಿ." ಹೊಡೆದೆ. ಟಕ್. ಸೊನ್ನೆ ತೋರಿಸುತ್ತಿದ್ದ ಮೀಟರು 4.3ಕ್ಕೆ ಹಾರಿತು.

ಆ ಎರಡು ಜಾಗ ಒಂದೇ ಅರ್ಥಿಂಗ್ ವೈರಿನಲ್ಲಿ, ಅಂದರೆ ಬ್ಯಾಟರಿ ಮೈನಸ್ಸನ್ನು ಇಂಜಿನ್ ಲೋಹಕ್ಕೆ ಜೋಡಿಸುವ ದಪ್ಪ ವೈರಿನಲ್ಲಿ, ಸೇರಿರುವುದರಿಂದ ಸೆಲ್ಫ್ ಹೊಡೆಯುವಾಗಲೂ ಅಲ್ಲಿ 0.2 ವೋಲ್ಟ್, ಹೆಚ್ಚೆಂದರೆ ಅರ್ಧ ವೋಲ್ಟ್ ದಾಟಬಾರದು. ಬ್ಯಾಟರಿ ವೋಲ್ಟಿನ ಮೂರನೇ ಒಂದು ಪಾಲು ದಾರಿಯಲ್ಲೇ ಸೋರಿ ಹೋಗುತ್ತಿತ್ತು. ಬ್ಯಾಟರಿ ಟ್ರೇ ಕೆಳಗೆ ಕೈ ತೂರಿಸಿ ಗೇರ್‌ಬಾಕ್ಸಿಗೆ ಬಿಗಿದಿದ್ದ ಬೋಲ್ಟ್ ಬಿಚ್ಚಿದರು. ವೈರಿನ ತುದಿಯ ಬಳೆ ಪೂರ್ತಿ ಹಸಿರು ಕಿಲುಬು. ಬೆರಳಲ್ಲಿ ತಿಕ್ಕಿದರೆ ಎಳೆಗಳು ಪುಡಿಪುಡಿಯಾಗಿ ಉದುರಿದವು. ಸೆಲ್ಫ್ ಮೋಟರು ನೂರು ಆಂಪಿಯರಿಗೂ ಜಾಸ್ತಿ ಎಳೆಯುವ ಪ್ರಾಣಿ. ನೂರು ಆಂಪಿಯರ್ ಹರಿಯುವ ಕಡೆ 0.03 ಓಮ್ ಅಡ್ಡ ಬಂದರೂ ಮೂರು ವೋಲ್ಟ್ ಅಲ್ಲೇ ಖರ್ಚು. ಹೆಡ್‌ಲೈಟಿನ ಅರ್ಥಿಂಗ್ ಬಾಡಿಗೆ ಹೋಗುವ ಬೇರೆ ವೈರಿನಲ್ಲಿತ್ತು, ಅದಕ್ಕೇ ಅದು ಮಂಕಾಗಲಿಲ್ಲ.

ಹಾಗಾದರೆ ಡಬ್ಬಿ ಹಾಕಿದಾಗ ಕಾರು ಹೇಗೆ ಏಳುತ್ತಿತ್ತು? ಇದು ಹೊಳೆದಾಗ ನನಗೇ ನಗು ಬಂತು. ಕೆಂಪು ಕ್ಲಿಪ್ಪು ಬ್ಯಾಟರಿ ಪ್ಲಸ್ಸಿಗೆ, ಕಪ್ಪು ಕ್ಲಿಪ್ಪು ಬ್ಯಾಟರಿಯಿಂದ ದೂರ ಇಂಜಿನ್ ಲೋಹಕ್ಕೆ ಅಂತ ಪುಸ್ತಕದಲ್ಲಿತ್ತು. ಬ್ಯಾಟರಿಯಿಂದ ಹೈಡ್ರೋಜನ್ ಬರುವ ಸಾಧ್ಯತೆ ಇರುವುದರಿಂದ ಕಿಡಿ ಅದರ ಹತ್ತಿರ ಹಾರಬಾರದು ಅಂತ ಹಾಗೆ ಹೇಳುತ್ತಾರೆ. ನಾನು ಅಕ್ಷರ ತಪ್ಪದೆ ಪಾಲಿಸಿದ್ದೆ. ಅಂದರೆ ಪ್ರತಿ ಸಲವೂ ಡಬ್ಬಿಯ ಕಪ್ಪು ಕ್ಲಿಪ್ಪು ಆ ಕೊಳೆತ ವೈರನ್ನು ಬಿಟ್ಟು ಬಳಸುದಾರಿ ಹಾಕಿಕೊಡುತ್ತಿತ್ತು. ಅದು ಬ್ಯಾಟರಿಯ ಕೆಲಸವನ್ನಷ್ಟೇ ಅಲ್ಲ, ವೈರಿನ ಕೆಲಸವನ್ನೂ ಮಾಡುತ್ತಿತ್ತು. ನನಗೆ ತಿಳಿಯದ ಹಾಗೆ!

ಹೊಸ ಅರ್ಥಿಂಗ್ ವೈರಿಗೆ 180 ರೂಪಾಯಿ. ಬೋಲ್ಟ್ ಕೂರುವ ಜಾಗವನ್ನು ಸ್ಯಾಂಡ್‌ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲಿಂದ ವ್ಯಾಸಲೀನ್ ಬಳಿದೆವು. ಮತ್ತೆ ಮೀಟರ್ ಇಟ್ಟು ನೋಡಿದರೆ 0.1. ಸ್ಟಾರ್ಟ್ ಆದಮೇಲೆ ಬ್ಯಾಟರಿ ಮೇಲೆ 14.1, ಡೈನಮೋ ಕೂಡ ಸರಿಯಿದೆ.

ಇನ್ನು ಡಬ್ಬಿಯ ಸ್ವಂತ ಗುಣ-ದೋಷ. ಸುಮ್ಮನಿಟ್ಟರೂ ಚಾರ್ಜ್ ನಿಧಾನಕ್ಕೆ ಇಳಿಯುತ್ತದೆ, ನಾನು ಎರಡು ತಿಂಗಳಿಗೊಮ್ಮೆ ತುಂಬಿಸುತ್ತೇನೆ. ಬ್ಯಾಟರಿ ತೀರಾ ಸತ್ತುಹೋಗಿದ್ದರೆ ಇದು ಅದನ್ನು ಗುರುತೇ ಹಿಡಿಯುವುದಿಲ್ಲ, ಪಕ್ಕದ ಸಣ್ಣ ಗುಂಡಿ ಒತ್ತಿ ಬಲವಂತ ಮಾಡಬೇಕು. ನನ್ನ ಡಬ್ಬಿಯಲ್ಲಿ ಆಗ ಉಲ್ಟಾ ಕ್ಲಿಪ್ಪಿನ ಕಾವಲೂ ಇರುವುದಿಲ್ಲ, ಕೆಂಪು-ಕಪ್ಪು ಎರಡೆರಡು ಸಲ ನೋಡಿಕೊಳ್ಳಿ. ಬೇಸಿಗೆಯಲ್ಲಿ ಶಿವಮೊಗ್ಗ ಪೇಟೆಯ ಬಿಸಿಲಿಗೆ ಕಾರಿನೊಳಗೆ ಬಿಟ್ಟು ಹೋಗಲೇಬೇಡಿ, ಒಳಗಿರುವುದು ಲಿಥಿಯಂ. ಮೂರನೇ ಮಳೆಗಾಲಕ್ಕೆ ಕ್ಲಿಪ್ಪಿನ ಹಲ್ಲಿಗೂ ಸಣ್ಣಗೆ ಕಿಲುಬು ಬಂದಿತ್ತು, ಚಾರ್ಜ್ ಕಿಂಡಿಯ ರಬ್ಬರ್ ಮುಚ್ಚಳ ಕಿತ್ತುಹೋಗಿದೆ.

ಮನೆಯವರಿಗೆ ಮಾತ್ರ ಇದು ಪವರ್‌ಬ್ಯಾಂಕು. ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟು ಇಲ್ಲದಾಗ ನಾಲ್ಕು ಮೊಬೈಲು ಬದುಕಿದ್ದು ಇದರಿಂದಲೇ. ನಾಲ್ಕನೇ ದಿನ ಕಾರಿಗೆ ಬೇಕಾಗಿದ್ದರೆ ಏನು ಗತಿ ಅಂತ ಮಗಳಿಗೆ ಕೇಳಿದೆ. "ಇಳಿಜಾರು ಇದೆಯಲ್ಲ ಅಪ್ಪ" ಅಂದಳು. ಅಜ್ಜನ ಮೊಮ್ಮಗಳು.

2024ರಲ್ಲಿ ಇಲಿ ಬಂದು ಬಾನೆಟ್ ಒಳಗೆ ಸೆನ್ಸರಿನ ವೈರು ಕಡಿಯಿತು. ಸೆಲ್ಫ್ ಚೆನ್ನಾಗಿ ಹೊಡೆಯುತ್ತಿತ್ತು, ಇಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಅಲ್ಲಿ ಡಬ್ಬಿಗೆ ಕೆಲಸವೇ ಇಲ್ಲ. ಈಗ ಬ್ಯಾಟರಿ ಪಕ್ಕ ಹೊಗೆಸೊಪ್ಪಿನ ಗಂಟು ಕಟ್ಟಿದ್ದೇನೆ. ಕೆಲಸ ಮಾಡುತ್ತದೋ ಇಲ್ಲವೋ, ಬಾನೆಟ್ ಎತ್ತಿದರೆ ಸೀನು ಗ್ಯಾರಂಟಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ರಾತ್ರಿ ಹೊತ್ತು ಘಾಟಿ ದಾರಿಯಲ್ಲಿ ಓಡಾಡುವವರು ಧೈರ್ಯವಾಗಿ ತಗೊಳ್ಳಿ. ಆದರೆ ಮೊದಲು 400 ರೂಪಾಯಿಯ ಒಂದು ಮಲ್ಟಿಮೀಟರ್ ತಗೊಳ್ಳಿ. ನಾನು ಭಾವನ ಹತ್ತಿರ ಇರುವಂಥದ್ದೇ ತಂದು ಡಿಕ್ಕಿಯಲ್ಲಿ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಈ ವರ್ಷ ಡಬ್ಬಿ ಒಂದು ಸಲವೂ ಕ್ಲಿಪ್ ಹಚ್ಚಿಲ್ಲ, ಮೀಟರಿಗೆ ಆಗಲೇ ಎರಡನೇ ಸೆಲ್ ಹಾಕಿದ್ದಾಯಿತು.