ಡ್ಯೂಟಿ ರೂಮಿನ ತಮಾಷೆಗೆ ಗೂಗ್ಲಿ ಕಣ್ಣು: ಪ್ಯಾಕೆಟ್ ಹೇಗಿದೆ, ಎಲ್ಲಿ ಅಂಟಿಸಬಹುದು

ಒಳಗೆ ಕಪ್ಪು ಗುಡ್ಡೆ ಹೊರಳಾಡುವ, ಹಿಂದೆ ಅಂಟು ಇರುವ ಪ್ಲಾಸ್ಟಿಕ್ ಕಣ್ಣುಗಳು. ಮಕ್ಕಳ ಕ್ರಾಫ್ಟ್‌ಗೆಂದು ಮಾರುವ ಈ ಸಾಮಾನು ಆಸ್ಪತ್ರೆ ಸಿಬ್ಬಂದಿಯ ತಮಾಷೆಗೆ ಹೇಳಿ ಮಾಡಿಸಿದಂತಿದೆ. ಇಲ್ಲಿ ಎಲ್ಲರೂ ನಗುವುದು ಸ್ಟೇಪ್ಲರ್ ನೋಡಿ, ಯಾರದೋ ಮುಖ ನೋಡಿ ಅಲ್ಲ. ಹೊಸ ಸಿಸ್ಟರನ್ನು ಇಲ್ಲದ ಉಪಕರಣ ತರಲು ಸ್ಟೋರ್‌ಗೆ ಓಡಿಸುವ ಹಳೇ ಆಟ ಹಾಗಲ್ಲ. ಒಮ್ಮೆ ಮೋಸಹೋದವರು ನಾಳೆ ತುರ್ತಿನಲ್ಲಿ ನಿಜವಾದ ವಸ್ತು ಕೇಳಿದರೂ ಅನುಮಾನಿಸಿ ನಿಲ್ಲುತ್ತಾರೆ. ಮೂತ್ರದ ಸ್ಯಾಂಪಲ್ ಡಬ್ಬಿಯಲ್ಲಿ ಸೇಬಿನ ಜ್ಯೂಸ್ ಕುಡಿದು ತೋರಿಸುವುದೂ ಬೇಡ. ಕುಡಿಯುವ ವಸ್ತುವನ್ನೂ ಸ್ಯಾಂಪಲ್ಲನ್ನೂ ಬೇರೆಬೇರೆ ಇಡುವ ಅಭ್ಯಾಸ ಅಲ್ಲೇ ಸಡಿಲವಾಗುತ್ತದೆ.

ಬೇರೆಬೇರೆ ಅಳತೆ ಬೆರೆತ ಪ್ಯಾಕೆಟ್ ತೆಗೆದುಕೊಳ್ಳಿ. ಸ್ಟೇಪ್ಲರ್, ಪಂಚಿಂಗ್ ಮಷೀನ್, ಟೇಪ್ ಸ್ಟ್ಯಾಂಡ್‌ಗೆ 10 ಮಿ.ಮೀ. ಸಾಕು, ಡ್ಯೂಟಿ ರೂಮಿನ ಫ್ರಿಜ್ ಬಾಗಿಲಿಗೆ 25 ಮಿ.ಮೀ. ಬೇಕು. ಜೋಡಿಯಲ್ಲಿ ಒಂದು ಕಣ್ಣು ದೊಡ್ಡದು, ಇನ್ನೊಂದು ಚಿಕ್ಕದು ಇರಲಿ, ಮುಖಕ್ಕೆ ಕಳೆ ಬರುವುದೇ ಆಗ. ಸ್ಟೇಪ್ಲರ್‌ಗಾದರೆ ಮೂತಿಯಿಂದ ಎರಡು ಬೆರಳು ಹಿಂದೆ, ಅಕ್ಕಪಕ್ಕ ಅಂಟಿಸಿ. ಒತ್ತಿದಾಗಲೆಲ್ಲ ಗುಡ್ಡೆಗಳು ಗಿರಕಿ ಹೊಡೆಯುತ್ತವೆ, ಕೇಸ್ ಶೀಟ್ ಪಿನ್ ಮಾಡಲು ಬಂದವರು ಸುಮ್ಮನೆ ಇನ್ನೆರಡು ಸಲ ಒತ್ತುತ್ತಾರೆ.

ಅಂಟಿನದೇ ತಲೆನೋವು. ಸ್ಪಿರಿಟ್‌ನಿಂದ ಒರೆಸಿದ ಜಾಗ ಪೂರ್ತಿ ಒಣಗುವ ಮೊದಲೇ ಹಚ್ಚಿದರೆ ಹಿಡಿಯುವುದಿಲ್ಲ. ಹಚ್ಚಿದ ಮೇಲೂ ದಿನಾ ಸ್ಯಾನಿಟೈಸರ್ ತಾಗಿದರೆ ಅಂಚಿನಿಂದ ಏಳುತ್ತದೆ. ಒಳಗೆ ನೀರು ಹೋದರಂತೂ ಗುಡ್ಡೆ ಒಂದೇ ಕಡೆ ಅಂಟಿ ನಿಲ್ಲುತ್ತದೆ, ಆ ಕಣ್ಣು ಬಿಸಾಡಬೇಕಷ್ಟೆ. ಕಿತ್ತ ಮೇಲೆ ಉಳಿಯುವ ಜಿಗುಟಿನಲ್ಲಿ ಕೊಳೆ ಕೂರುತ್ತದೆ. ಸ್ಪಿರಿಟ್ ಸ್ವಾಬ್ ಒತ್ತಿಹಿಡಿದು ನೆನೆಸಿ, ಆಮೇಲೆ ಉಜ್ಜಿ ತೆಗೆಯಿರಿ.

ರೋಗಿಯ ಹತ್ತಿರ ಹೋಗುವ ಯಾವುದಕ್ಕೂ ಇದು ಬೇಡ. ಔಷಧದ ವಯಲ್ (ಪುಟ್ಟ ಸೀಸೆ) ಮೇಲೆ ಅಂಟಿಸಿದರೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ಮುಚ್ಚುತ್ತದೆ. ಸೂಜಿ ಹಾಕುವ ಶಾರ್ಪ್ಸ್ ಡಬ್ಬಿಯ ಮೇಲಾದರೆ ಎಷ್ಟು ತುಂಬಿದೆ ಎಂಬ ಗೆರೆ ಕಾಣುವುದಿಲ್ಲ. ನಾಳಕ್ಕೆ ಔಷಧ ಹರಿಸುವ ಇನ್‌ಫ್ಯೂಷನ್ ಪಂಪ್, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್, ತುರ್ತು ಸಾಮಾನಿನ ಗಾಡಿಯಾದ ಕ್ರ್ಯಾಶ್ ಕಾರ್ಟ್‌ನಲ್ಲಿ ಅರೆಗಳಿಗೆ ಗಮನ ತಪ್ಪಿದರೂ ದುಬಾರಿ. ಮಕ್ಕಳ ವಾರ್ಡಿಗೆ ಪ್ಯಾಕೆಟ್ಟನ್ನೇ ಒಯ್ಯಬೇಡಿ: ಉದುರಿದ ಕಣ್ಣು ಮಗುವಿನ ಬಾಯಿಗೆ ಹೋದರೆ ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಹುದು. ಅದಕ್ಕೇ ಆಪರೇಷನ್ ಥಿಯೇಟರಿನಲ್ಲಿ ರಕ್ತ ಒರೆಸುವ ಗಾಜ್ ಬಟ್ಟೆ ಎಣಿಸಿದ ಹಾಗೆ, ಅಂಟಿಸಿದ್ದೆಷ್ಟು ಕಿತ್ತದ್ದೆಷ್ಟು ಎಂದು ಲೆಕ್ಕ ಇಡಿ.

ಹಿಂದೆ ಅಯಸ್ಕಾಂತ ಇರುವ ಬಗೆಯೂ ಸಿಗುತ್ತದೆ. ಅಂಟಿನ ರಗಳೆ ಇಲ್ಲ ಎಂದು ಆಸೆಯಾಗುತ್ತದೆ, ಆದರೆ ಆಸ್ಪತ್ರೆಗೆ ಅದು ಸಲ್ಲದು. ಹೃದಯ ಬಡಿತ ಸರಿಯಿಡುವ ಪೇಸ್‌ಮೇಕರ್ ಹಾಕಿಸಿಕೊಂಡವರ ಎದೆಯಿಂದ ಅಯಸ್ಕಾಂತ ಕನಿಷ್ಠ 15 ಸೆಂ.ಮೀ. ದೂರ ಇರಬೇಕು. ಯಾರದೋ ಜೇಬಿನಲ್ಲಿ, ಭಾರೀ ಅಯಸ್ಕಾಂತವಿರುವ ಎಂಆರ್‌ಐ ಸ್ಕ್ಯಾನ್ ಕೋಣೆಗೆ ಹೋದರೆ ಕಿತ್ತುಕೊಂಡು ಹಾರುತ್ತದೆ. ಅಂಟಿನದ್ದನ್ನೇ ಕೊಳ್ಳಿ.